ಎರಡು ಮುದ್ರೆ ಜಾಸ್ತಿ

ಫೆಬ್ರವರಿ ಹನ್ನೆರಡನೇ ತಾರೀಕು, ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಠಾಣೆಯ ಕೌಂಟರಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ವಯಸ್ಸು ಮೂವತ್ತೈದರ ಆಸುಪಾಸು. ಕೈ ನೋಡಿದರೆ ಕೆಲಸ ಯಾವುದೆಂದು ಗೊತ್ತಾಗುವಂತಿತ್ತು: ಬೆರಳ ತುದಿಗಳೆಲ್ಲ ನೆನೆದು ನೆನೆದು ಸುಕ್ಕಾಗಿದ್ದವು, ಬಲಗೈ ಮಣಿಕಟ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ತಗುಲಿದ ಹಳೆಯ ಗೆರೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು.

ಕೌಂಟರಿನ ಆಚೆ ಕೂತಿದ್ದವರು ಹೆಡ್ ಕಾನ್‌ಸ್ಟೆಬಲ್. ಅವರಿಗೆ ಠಾಣೆಯಲ್ಲಿ 'ಪಂಚನಾಮೆ' ಎಂದೇ ಹೆಸರು. ಟೀ ಬಂದರೂ 'ಬಿಳಿ ಬಣ್ಣದ, ಹಿಡಿ ಮುರಿದ, ಮುಕ್ಕಾಲು ತುಂಬಿದ ಕಪ್ ಒಂದು' ಎಂದು ಪಟ್ಟಿ ಮಾಡಿಯೇ ಕುಡಿಯುವ ಆಸಾಮಿ.

"ಏನು ಕಳೆದುಹೋಯ್ತಮ್ಮ?" ಎಂದರು. ಸೋಮವಾರದ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ಏನೂ ಕಳೆದಿಲ್ಲ ಸಾರ್. ಜಾಸ್ತಿ ಆಗಿದೆ."

"ಏನು ಜಾಸ್ತಿ?"

"ಮುದ್ರೆ. ನನ್ನ ಪಾಸ್‌ಪೋರ್ಟಲ್ಲಿ ಎರಡು ಮುದ್ರೆ ಜಾಸ್ತಿ ಇದೆ."

ಪಂಚನಾಮೆ ಕನ್ನಡಕ ತೆಗೆದು ಒರೆಸಿಕೊಂಡರು. "ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಇಲ್ಲ ಇಲ್ಲ ಅಂತ ಬಂದೋರನ್ನ ನೋಡಿದೀನಿ. ಇದೆ ಅಂತ ದೂರು ಕೊಡೋಕೆ ಬಂದೋರನ್ನ ಇವತ್ತೇ ನೋಡಿದ್ದು ತಾಯಿ."

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಮೇಡಂ ಎದ್ದು ಬಂದರು. ಅವರದೊಂದು ಅಭ್ಯಾಸ: ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದು. ಮೊದಲ ಸಲ ಜನ ಭಯಕ್ಕೆ ಉತ್ತರ ಕೊಡುತ್ತಾರೆ, ಎರಡನೇ ಸಲವೇ ನೆನಪಿಗೆ ಬಂದದ್ದನ್ನು ಹೇಳುವುದು ಎಂಬುದು ಅವರ ನಂಬಿಕೆ. ಹೆಂಗಸನ್ನು ಕೂರಿಸಿ, ನೀರು ಕೊಡಿಸಿ, ಪಾಸ್‌ಪೋರ್ಟ್ ತೆಗೆದುಕೊಂಡರು. ಹದಿನಾಲ್ಕನೇ ಪುಟದಲ್ಲಿ ನಾಲ್ಕು ಮುದ್ರೆಗಳಿದ್ದವು.

"ಇದರಲ್ಲಿ ನಿಮ್ಮದು ಯಾವುದು?"

"ಮೇಲಿನ ಚೌಕದ್ದು ನಂದು. ಹೋದ ವರ್ಷ ಫೆಬ್ರವರಿ ಮೂರು, ಈ ದೇಶ ಬಿಟ್ಟು ನಮ್ಮ ದೇಶಕ್ಕೆ ಹೋಗಿದ್ದು. ಕೆಳಗಿನ ದುಂಡಗಿಂದೂ ನಂದೇ. ಸೆಪ್ಟೆಂಬರ್ ಹದಿನಾಲ್ಕು, ವಾಪಸ್ ಬಂದಿದ್ದು. ಮಧ್ಯದ್ದು ಎರಡೂ ನಂದಲ್ಲ."

ಮಧ್ಯದಲ್ಲಿದ್ದದ್ದು ಮೇ ಇಪ್ಪತ್ತಕ್ಕೆ ಒಳಗೆ ಬಂದಂತೆ ಒಂದು ದುಂಡು ಮುದ್ರೆ, ಮೇ ಇಪ್ಪತ್ತೇಳಕ್ಕೆ ಮತ್ತೆ ಹೊರಗೆ ಹೋದಂತೆ ಒಂದು ಚೌಕ ಮುದ್ರೆ.

"ಮೇ ತಿಂಗಳಲ್ಲಿ ನೀವು ಬಂದಿರಲಿಲ್ವಾ?"

"ಇಲ್ಲ ಮೇಡಂ."

"ಒಂದು ವಾರಕ್ಕೂ ಬಂದಿರಲಿಲ್ವಾ?"

"ಮೇ ತಿಂಗಳು ಪೂರ್ತಿ ನಮ್ಮ ಮಾವನ ಮಂಚದ ಪಕ್ಕದಲ್ಲಿದ್ದೆ. ಬಿದ್ದು ಸೊಂಟ ಮುರಿದಿತ್ತು. ಅಲ್ಲಿ ಅವರಿಗೆ ಬೇರೆ ಯಾರೂ ಇಲ್ಲ. ನಮ್ಮ ಯಜಮಾನ್ರು ತೀರಿಕೊಂಡು ಮೂರು ವರ್ಷ ಆಯ್ತು."

ಆಕೆ ವಿಷಯವನ್ನು ಬಿಡಿಸಿ ಹೇಳಿದಳು. ಐದು ವರ್ಷ ಕೆಲಸದ ವೀಸಾದಲ್ಲಿ ಎಡೆಬಿಡದೆ ಇದ್ದವರಿಗೆ ಕಾಯಂ ವಾಸದ ಹಕ್ಕು. ಆದರೆ ಒಂದೇ ಸಲಕ್ಕೆ ನೂರ ಎಂಬತ್ತು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಐದು ವರ್ಷದ ಎಣಿಕೆ ಮೊದಲಿನಿಂದ. ಆಕೆ ಹೊರಗಿದ್ದದ್ದು ಇನ್ನೂರ ಇಪ್ಪತ್ತಮೂರು ದಿನ. ನಲವತ್ತಮೂರು ದಿನ ಹೆಚ್ಚು. ವಾಪಸ್ ಬರುವಾಗ ಮಾವನನ್ನೂ ಅವಲಂಬಿತರ ವೀಸಾದಲ್ಲಿ ಜೊತೆಗೆ ಕರೆತಂದಿದ್ದಳು. ನವೆಂಬರಿನಲ್ಲಿ ಅರ್ಜಿ ಹಾಕಿದಾಗ ಹೋದ ದಿನ, ಬಂದ ದಿನ ಎರಡನ್ನೂ ನಿಜವಾಗಿಯೇ ಬರೆದಿದ್ದಳು. ಬರುವ ಗುರುವಾರ, ಹದಿನೈದಕ್ಕೆ ಸಂದರ್ಶನ. ಭಾನುವಾರ ಕಾಗದ ಜೋಡಿಸಲು ಕೂತಾಗ ಈ ಪುಟ ಕಣ್ಣಿಗೆ ಬಿತ್ತು.

ಇನ್ಸ್‌ಪೆಕ್ಟರ್ ಬೆರಳು ಮಡಿಸಿ ಎಣಿಸಿದರು. ಈ ಎರಡು ಮುದ್ರೆ ಸೇರಿದರೆ ಉದ್ದನೆಯ ಗೈರು ಎರಡು ತುಂಡಾಗುತ್ತದೆ. ಒಂದು ನೂರ ಆರು ದಿನ, ಇನ್ನೊಂದು ನೂರ ಹತ್ತು. ಎರಡೂ ಮಿತಿಯ ಒಳಗೇ.

"ಯಾರೋ ನಿಮಗೆ ಉಪಕಾರ ಮಾಡಿದ್ದಾರೆ."

"ಇಂಥ ಉಪಕಾರ ಶತ್ರುಗೂ ಬೇಡ ಮೇಡಂ. ಗುರುವಾರ ಇದನ್ನ ತಗೊಂಡು ಹೋಗಿ ಕೂತ್ರೆ ಕಳ್ಳಿ ಅಂತಾರೆ. ಹರಿದು ಬಿಸಾಡಿದ್ರೂ ಕಳ್ಳಿ ಅಂತಾರೆ. ಹಂಗಾಗಿ ಇಲ್ಲಿಗೆ ಬಂದೆ."

"ಪಾಸ್‌ಪೋರ್ಟ್ ಯಾರ್ಯಾರ ಕೈಗೆ ಹೋಗಿತ್ತು?"

"ನವೆಂಬರಲ್ಲಿ ಪುಟ ಸರಿಯಾಗೇ ಇತ್ತು. ಆಮೇಲೆ ಮನೇಲಿ ತಗಡಿನ ಪೆಟ್ಟಿಗೇಲಿತ್ತು. ಜನವರೀಲಿ ಎರಡು ದಿನ, ಅರ್ಜಿ ತುಂಬಿಕೊಡೋ ಫಾರ್ಮ್ ಮೇಷ್ಟ್ರ ಹತ್ರ ಕೊಟ್ಟಿದ್ದೆ, ನಕಲು ತೆಗೆಸೋಕೆ."

"ಮನೇಲಿ ಯಾರಿದ್ದೀರಿ?"

"ನಾನು, ಮಾವ. ಅವರಿಗೆ ಬಾಗಿಲಿಗೆ ಬಂದವರು ಯಾರು ಅಂತಾನೂ ಕಾಣಲ್ಲ. ಮೆಟ್ಟಿಲು ಇಳಿಯೋಕೂ ಆಗಲ್ಲ."

ಇನ್ಸ್‌ಪೆಕ್ಟರ್ ಆ ಉತ್ತರವನ್ನು ಬರೆದುಕೊಂಡರು. ಆ ಪ್ರಶ್ನೆಯನ್ನು ಎರಡನೇ ಸಲ ಕೇಳಲಿಲ್ಲ.

"ಒಂದು ಮಾತು. ಎಫ್‌ಐಆರ್ ಆದಮೇಲೆ ಇದು ನಿಮ್ಮ ಕೈಲಿರಲ್ಲ. ದೂರು ವಾಪಸ್ ಅನ್ನೋದಿಲ್ಲ. ಯಾರು ಸಿಕ್ಕರೂ ಸಿಕ್ಕಂಗೇ. ಬರೀಲಾ?"

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬರೀರಿ."

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಪಾಸ್‌ಪೋರ್ಟನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತುತ್ತ ಪಂಚನಾಮೆ ಗೊಣಗಿದರು, "ಇದೊಂದು ಸೇರಿ ಐದು ಮುದ್ರೆ."

*

ವಲಸೆ ಕಚೇರಿಯ ಅಧಿಕಾರಿ ತೆಳ್ಳನೆಯ ಮನುಷ್ಯ. ಮೇಜಿನ ಮೇಲೆ ಕಡತಗಳು ಎದೆಮಟ್ಟ ಎದ್ದಿದ್ದರಿಂದ ಮಾತಾಡುವಾಗ ಕತ್ತು ಚಾಚಬೇಕಾಗಿತ್ತು. ಇನ್ಸ್‌ಪೆಕ್ಟರ್ ಲಕೋಟೆಯನ್ನು ಅವರ ಎದುರಿಗೇ ಬಿಚ್ಚಿ, ಪುಟವನ್ನು ಭೂತಗನ್ನಡಿಯಲ್ಲಿ ತೋರಿಸಿದರು.

"ಕಂಪ್ಯೂಟರಲ್ಲಿ ಮೇ ತಿಂಗಳ ಪ್ರಯಾಣ ಇಲ್ಲವೇ ಇಲ್ಲ," ಎಂದರು ಅಧಿಕಾರಿ, ಪರದೆ ನೋಡುತ್ತ. "ಗುರುವಾರ ಎರಡೇ ನಿಮಿಷಕ್ಕೆ ಸಿಕ್ಕಿಬೀಳ್ತಿತ್ತು. ಈಗಿನ ಕಾಲದಲ್ಲಿ ಮುದ್ರೆ ತಿದ್ದಿ ದೇಶ ದಾಟಬಹುದು ಅಂತ ಯಾರು ನಂಬ್ತಾರೆ ಮೇಡಂ?"

"ಸಿಕ್ಕಿದ್ರೆ ಏನಾಗ್ತಿತ್ತು?"

"ಅರ್ಜಿ ರದ್ದು. ವೀಸಾ ರದ್ದು. ಹತ್ತು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ. ಅವರನ್ನ ನಂಬಿಕೊಂಡು ಬಂದ ಮಾವನೂ ಗಂಟುಮೂಟೆ ಕಟ್ಟಬೇಕು."

"ತಾವಾಗೇ ದೂರು ಕೊಟ್ಟಿದ್ದಾರಲ್ಲ?"

"ಅದು ಅವರ ಪರವಾಗಿದೆ. ಆದ್ರೆ ಹಾಕಿದ್ದು ಯಾರು ಅಂತ ಗೊತ್ತಾಗಬೇಕು. ಲಾಭ ಆಗೋದು ಅವರಿಗೇ. ಗುರುವಾರ ಹನ್ನೊಂದು ಗಂಟೆ ಒಳಗೆ ಬೇರೆ ಕೈ ಸಿಗದಿದ್ರೆ ನಾನು ಅವರ ಕೈಯೇ ಅಂತ ಬರೀಬೇಕಾಗುತ್ತೆ. ಮನಸ್ಸಿನ ಮಾತಲ್ಲ, ನಿಯಮದ ಮಾತು."

ಆಮೇಲೆ ಅಧಿಕಾರಿ ಒಂದು ವಿಚಿತ್ರ ತೋರಿಸಿದರು. ಮೇ ಇಪ್ಪತ್ತರ ದುಂಡು ಮುದ್ರೆಯ ಬಲ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಸೆಪ್ಟೆಂಬರ್ ಹದಿನಾಲ್ಕರ ಅಸಲಿ ಮುದ್ರೆಯಲ್ಲೂ ಅದೇ ಜಾಗದಲ್ಲಿ ಅದೇ ಸೀಳು. ಆಗಮನ ದ್ವಾರದ ಪುಸ್ತಕ ತರಿಸಿ ನೋಡಿದರೆ ಜುಲೈ ಎರಡರ ನಮೂದು: 'ಮೂರನೇ ಮುದ್ರೆ ಕೈಜಾರಿ ನೆಲಕ್ಕೆ ಬಿದ್ದು ಬಲ ಅಂಚು ಸೀಳಿದೆ.'

"ಅಂದ್ರೆ ಜುಲೈಲಿ ಆದ ಗಾಯ ಮೇ ತಿಂಗಳ ಮುದ್ರೇಲಿ ಇದೆ," ಎಂದರು ಇನ್ಸ್‌ಪೆಕ್ಟರ್.

"ಜುಲೈ ಆದಮೇಲೆ ಬಿದ್ದ ಅಸಲಿ ಮುದ್ರೆ ನೋಡಿ ಕೆತ್ತಿದ್ದಾರೆ. ಸೀಳನ್ನೂ ಬಿಟ್ಟಿಲ್ಲ ಪುಣ್ಯಾತ್ಮ. ಬೇರೆಯವನಾಗಿದ್ರೆ ಅಂಚು ನಯ ಮಾಡಿಬಿಡ್ತಿದ್ದ."

*

ಅದೇ ದಿನ ಸಂಜೆ ನಾಲ್ಕು ಗಂಟೆ. ಫಾರ್ಮ್ ಮೇಷ್ಟ್ರು ವಲಸೆ ಕಚೇರಿಯ ಎದುರಿನ ಒಂದೇ ಕೋಣೆಯ ಅಂಗಡಿಯಲ್ಲಿ ಕೂರುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೂ ಪ್ರಶ್ನೆ ಕೇಳುವವರಿಲ್ಲದೆ ಇರಲಾಗದೆ ಅರ್ಜಿ ತುಂಬಿಕೊಡುವ ಕೆಲಸ ಹಿಡಿದವರು. ಗೋಡೆಗೆ ಕಚೇರಿಯ 'ಸಾಮಾನ್ಯ ಪ್ರಶ್ನೆಗಳು' ಎಂಬ ಹಾಳೆಯ ನಕಲು ಅಂಟಿಸಿದ್ದರು. ಬೆಂಚಿನ ಮೇಲೆ ಆರು ಜನ.

"ಮೇಷ್ಟ್ರೇ, ವೀಸಾ ಮುಗಿಯೋ ಮೊದಲೇ ಅರ್ಜಿ ಹಾಕಿದೀನಿ. ತೀರ್ಮಾನ ಬರೋವರೆಗೂ ಇರಬಹುದಾ?"

"ಇರಬಹುದು. ರಸೀದಿ ಜೇಬಲ್ಲಿರಲಿ, ಹೆಂಡತಿ ಹತ್ರ ಕೊಡಬೇಡ. ಮುಂದೆ."

"ಕೆಲಸ ಬದಲಾಯಿಸಿದ್ರೆ?"

"ಮೊದಲು ಕಚೇರಿಗೆ ತಿಳಿಸು, ಆಮೇಲೆ ಬಿಡು. ಹಳೇ ಹಗ್ಗ ಬಿಟ್ಟು ಹೊಸ ಹಗ್ಗ ಹುಡುಕೋನು ಬಾವಿಗೇ ಬೀಳೋದು. ಮುಂದೆ."

"ಇಲ್ಲಿಯವಳನ್ನ ಮದುವೆ ಆದ್ರೆ ಕಾಯಂ ವಾಸ ಸಿಗುತ್ತಾ?"

"ಅತ್ತೆ ಸಿಗ್ತಾಳೆ. ಕಾಯಂ ವಾಸಕ್ಕೆ ಎರಡು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದು ತೋರಿಸಬೇಕು. ಮುಂದೆ." ತಲೆ ಎತ್ತಿದರೆ ಮುಂದೆ ಪೊಲೀಸರು. ಮೇಷ್ಟ್ರ ಕೈಲಿದ್ದ ಪೆನ್ನು ಮುಚ್ಚಳ ಹುಡುಕತೊಡಗಿತು.

ಇನ್ಸ್‌ಪೆಕ್ಟರ್ ಬೆಂಚಿನವರನ್ನು ಹೊರಗೆ ಕಳಿಸಿ, ನೇರ ವಿಷಯಕ್ಕೆ ಬಂದರು.

"ಜನವರಿ ಹನ್ನೆರಡು, ಹದಿಮೂರು. ಆ ಪಾಸ್‌ಪೋರ್ಟ್ ಎಲ್ಲಿತ್ತು?"

"ಈ ಬೀರುವಿನಲ್ಲಿ. ಬೀಗದ ಕೈ ನನ್ನ ಸೊಂಟದಲ್ಲಿ."

"ನಕಲು ತೆಗೆದದ್ದು ಯಾರು?"

"ನಾನೇ. ಈ ಮಿಷನ್ನಲ್ಲಿ. ಚಿಕ್ಕದು, ಉದ್ದ ಹಾಳೆ ಹಿಡಿಯಲ್ಲ, ಆದ್ರೂ ನಿಯತ್ತಾಗಿದೆ."

"ಹದಿನಾಲ್ಕನೇ ಪುಟದ ನಕಲು ಇದೆಯಾ?"

ಮೇಷ್ಟ್ರು ಕಡತ ತೆಗೆದರು. ಜನವರಿ ಹದಿಮೂರರ ನಕಲಿನಲ್ಲಿ ಹದಿನಾಲ್ಕನೇ ಪುಟ: ಮೇಲೆ ಚೌಕ, ಕೆಳಗೆ ದುಂಡು. ಎರಡೇ ಮುದ್ರೆ. ಮಧ್ಯೆ ಖಾಲಿ.

"ಪಾಸ್‌ಪೋರ್ಟ್ ವಾಪಸ್ ತಗೊಂಡಾಗ ಸಹಿ ಹಾಕಿಸಿದೀನಿ, ಅದೇ ದಿನ ಐದೂವರೆಗೆ," ಮೇಷ್ಟ್ರ ದನಿ ಗಟ್ಟಿಯಾಯಿತು. "ಮೇಡಂ, ನಾನು ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ಜಾಸ್ತಿ ಹಾಕಿದವನಲ್ಲ. ಮುದ್ರೆ ಹಾಕ್ತೀನಾ?"

"ಅವರಿಗೆ ನೀವು ಏನು ಹೇಳಿದ್ರಿ?"

"ಈ ಹಾಳೆಯ ಏಳನೇ ಪ್ರಶ್ನೆ ಓದಿ ಹೇಳಿದೆ. ನೂರ ಎಂಬತ್ತು ದಿನ ದಾಟಿದ್ರೆ ಲೆಕ್ಕ ಮೊದಲಿಂದ. ಬಹುಶಃ ತಿರಸ್ಕಾರ ಆಗುತ್ತೆ, ಆದ್ರೂ ಹೋಗಮ್ಮ ಅಂದೆ. ಎಲ್ಲರಿಗೂ ಕೊಡೋ ಹಾಗೆ ಹಾಳೆನೂ ಕೊಟ್ಟೆ."

ಇನ್ಸ್‌ಪೆಕ್ಟರ್ ತಾವೂ ಒಂದು ಹಾಳೆ ಕೇಳಿ ಪಡೆದು ಮಡಿಸಿ ಇಟ್ಟುಕೊಂಡರು. ಹೊರಗೆ ಬಂದ ಮೇಲೆ ಪಂಚನಾಮೆ ಲೆಕ್ಕ ಹಾಕಿದರು: "ಜನವರಿ ಹದಿಮೂರರವರೆಗೆ ಎರಡು ಮುದ್ರೆ. ಆಮೇಲೆ ಪಾಸ್‌ಪೋರ್ಟ್ ಮನೆ ಬಿಟ್ಟು ಹೋಗಿಲ್ಲ. ಮೇಡಂ, ಕಳ್ಳನೇ ಬಂದು ಕಳ್ಳತನದ ದೂರು ಕೊಟ್ಟ ಹಂಗೆ ಕಾಣ್ತಿದೆಯಲ್ಲ?"

ಇನ್ಸ್‌ಪೆಕ್ಟರ್ ಜೀಪಿನ ಕಡೆ ನಡೆದರು.

*

ಮಂಗಳವಾರ, ಬೆಳಗ್ಗೆ ಹನ್ನೊಂದು. ರಬ್ಬರ್ ಸ್ಟ್ಯಾಂಪ್ ಅಂಗಡಿಯ ಮುದುಕನಿಗೆ ಆ ಪುಟದ ದೊಡ್ಡ ಮಾಡಿದ ಫೋಟೋ ಕೊಟ್ಟರು. ಅವನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮುಖದಲ್ಲಿ ಗಾಬರಿಯಿರಲಿಲ್ಲ; ಒಳ್ಳೆಯ ಸಂಗೀತ ಕೇಳುವವನ ಕಳೆಯಿತ್ತು.

"ಮಿಷನ್ನಿನದಲ್ಲ ತಾಯಿ. ಕೈಯ್ದು. ಇಂಥ ಕೈ ನಾನು ನೋಡಿ ಇಪ್ಪತ್ತು ವರ್ಷ ಆಯ್ತು. ನಾವೆಲ್ಲ ಈಗ ಗುಂಡಿ ಒತ್ತೋರು."

"ಈ ಊರಲ್ಲಿ ಹೀಗೆ ಕೆತ್ತೋರು?"

"ಇಲ್ಲ. ಇದ್ದಿದ್ರೆ ನಾನು ಹೋಗಿ ಕಾಲಿಗೆ ಬೀಳ್ತಿದ್ದೆ." ಅವನು ಉಗುರಿನ ತುದಿಯಿಂದ ತೋರಿಸಿದ. "ಇಲ್ಲಿ ನೋಡಿ. ದುಂಡಿನ ತಲೆ ಮೇಲೆ ಒಂದು ಸಣ್ಣ ಚುಕ್ಕೆ. ಚೌಕದ ತಲೆ ಮೇಲೂ ಇದೆ. ಇದು ಶಾಯಿ ಹನಿ ಅಲ್ಲ. ತಲೆಚುಕ್ಕೆ. ಅಚ್ಚು ತಲೆಕೆಳಗಾಗಿ ಒತ್ತಬಾರದು ಅಂತ ಹಳೇ ಕೆತ್ತನೆಯವರು ಮೇಲ್ಗಡೆ ಒಂದು ಚುಕ್ಕೆ ಬಿಡ್ತಿದ್ರು. ಕಲಿಯೋ ಮೊದಲ ದಿನವೇ ಗುರು ಕೈಗೆ ಹೊಡೆದು ಕಲಿಸ್ತಿದ್ದ."

ಅಸಲಿ ಮುದ್ರೆಗಳಲ್ಲಿ ಚುಕ್ಕೆ ಇರಲಿಲ್ಲ.

"ಶಾಯಿ?"

"ಪಾಸ್‌ಪೋರ್ಟ್ ಕೊಡಿ, ಮೂಸಿ ನೋಡ್ತೀನಿ. ಮುಟ್ಟಲ್ಲ." ಪಂಚನಾಮೆ ಪುಟವನ್ನು ತಾವೇ ಹಿಡಿದರು. ಮುದುಕ ಬಗ್ಗಿ ಮೂಸಿದ. "ಕಾಗದದ ಶಾಯಿ ಅಲ್ಲ ಇದು. ಬಟ್ಟೆಗೆ ಗುರುತು ಹಾಕೋದು. ಒಗೆದ್ರೂ ಹೋಗಲ್ಲ. ಹೋಟ್ಲು, ಹಾಸ್ಟೆಲ್ಲು, ಆಸ್ಪತ್ರೆ, ಇಂಥ ಕಡೆ ಇರುತ್ತೆ."

ಬಾಗಿಲು ದಾಟಿದ ಮೇಲೆ ಪಂಚನಾಮೆ ಕಳ್ಳನೇ ದೂರು ಕೊಟ್ಟ ತಮಾಷೆಯನ್ನು ಮತ್ತೆ ಆಡಲಿಲ್ಲ. ಆಸ್ಪತ್ರೆ ಎಂಬ ಮಾತು ಇಬ್ಬರಿಗೂ ಕೇಳಿಸಿತ್ತು.

*

ಬುಧವಾರ, ಬೆಳಗ್ಗೆ ಹತ್ತೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ವಿಭಾಗ. ನಾಲ್ಕು ದೊಡ್ಡ ಯಂತ್ರಗಳು ಒಂದೇ ಸಮ ಗುಡುಗುತ್ತಿದ್ದವು. ಬಿಸಿ ಹಬೆ, ಸೋಪಿನ ವಾಸನೆ, ತಳ್ಳುಗಾಡಿಯಲ್ಲಿ ಗೋಪುರದಂತೆ ಹೊದಿಕೆಗಳು. ಆಕೆ ಉದ್ದನೆಯ ಮೇಜಿನ ಹತ್ತಿರ ಇಸ್ತ್ರಿ ಮಾಡುತ್ತಿದ್ದಳು. ಪಕ್ಕದಲ್ಲಿದ್ದ ಹಿರಿಯ ಹೆಂಗಸು ಪೊಲೀಸರನ್ನು ನೋಡಿ, "ಬನ್ನಿ ಬನ್ನಿ, ಯೂನಿಫಾರ್ಮ್ ಇಸ್ತ್ರಿಗೆ ಕೊಡೋಕಾ? ಕಾಲರ್ ನೋಡಿದ್ರೆ ಅವಸರ ಇದೆ," ಎಂದಳು. ಪಂಚನಾಮೆ ಕಾಲರ್ ಮುಟ್ಟಿಕೊಂಡರು.

ಇನ್ಸ್‌ಪೆಕ್ಟರ್ ಮಡಿಸಿದ ಹೊದಿಕೆಗಳನ್ನು ಒಂದೊಂದಾಗಿ ತಿರುವಿದರು. ಮೂಲೆಯಲ್ಲಿ ನೇರಳೆ ಗುರುತು: ಹೆರಿಗೆ ವಾರ್ಡಿಗೆ ಒಂದು ದುಂಡು, ಶಸ್ತ್ರಚಿಕಿತ್ಸೆಗೆ ಚೌಕ, ಮಕ್ಕಳ ವಾರ್ಡಿಗೆ ಒಂದು ಹಕ್ಕಿ. ಹಕ್ಕಿಯ ರೆಕ್ಕೆಯ ಗರಿಗಳನ್ನೂ ಎಣಿಸಬಹುದಿತ್ತು. ಮೂರರ ತಲೆಯ ಮೇಲೂ ಒಂದೊಂದು ಸಣ್ಣ ಚುಕ್ಕೆ.

ಅವರು ಫೋಟೋ ತೆಗೆದು ಹೊದಿಕೆಯ ಪಕ್ಕಕ್ಕಿಟ್ಟು, ಚುಕ್ಕೆಯ ಮೇಲೆ ಬೆರಳಿಟ್ಟರು. ಹೊದಿಕೆಯ ಚುಕ್ಕೆಯ ಮೇಲೆ ಇನ್ನೊಂದು ಬೆರಳು.

"ಈ ಅಚ್ಚುಗಳನ್ನ ಕೆತ್ತಿದ್ದು ಯಾರು?"

ಆಕೆ ಒಂದು ಬೆರಳನ್ನು ನೋಡಿದಳು. ಇನ್ನೊಂದನ್ನು ನೋಡಿದಳು. ಇಸ್ತ್ರಿ ಪೆಟ್ಟಿಗೆ ದಿಂಬಿನ ಚೀಲದ ಮೇಲೆ ನಿಂತಲ್ಲೇ ನಿಂತಿತು. ಬಟ್ಟೆ ಸೀದ ವಾಸನೆ ಬಂತು. ಹಿರಿಯ ಹೆಂಗಸು ಕೈ ಚಾಚಿ ಪೆಟ್ಟಿಗೆ ಎತ್ತಿಟ್ಟಳು.

'ಗೊತ್ತಿಲ್ಲ' ಎಂದು ಹೇಳಿದ್ದರೆ ಆಗುತ್ತಿತ್ತೋ ಏನೋ. ಇನ್ಸ್‌ಪೆಕ್ಟರ್ ಎರಡನೇ ಸಲ ಕೇಳಲಿಲ್ಲ, ಕಾದರು.

"ನಮ್ಮ ಮಾವ," ಎಂದಳು ಆಕೆ. "ಹಳೇ ಅಚ್ಚು ಸವೆದುಹೋಗಿದ್ವು. ಮನೇಲಿ ಸುಮ್ನೆ ಕೂತಿರೋ ಬದಲು ನಾನು ಮಾಡ್ಕೊಡ್ತೀನಮ್ಮ ಅಂದ್ರು. ಅಲ್ಲಿ ಮುದ್ರಣಾಲಯದಲ್ಲಿ ನಲವತ್ತು ವರ್ಷ ಅದೇ ಕೆಲಸ."

"ಕಣ್ಣು ಕಾಣಲ್ಲ ಅಂದ್ರಿ."

"ದೂರದ್ದು ಕಾಣಲ್ಲ ಮೇಡಂ. ಹತ್ತಿರದ್ದು..." ಆಕೆ ಆ ಹೊದಿಕೆಯನ್ನು ಮಡಿಸಿಟ್ಟು ಕೇಳಿದಳು, "ದೂರು ವಾಪಸ್ ತಗೋಬಹುದಾ?" ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ತಾನೇ ತಲೆಯಾಡಿಸಿದಳು. "ಇಲ್ಲ. ಸೋಮವಾರನೇ ಹೇಳಿದ್ರಿ."

*

ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಎರಡು ಕೋಣೆ. ಮಧ್ಯಾಹ್ನ ಒಂದು ಗಂಟೆ ನಲವತ್ತಕ್ಕೆ ಸೈಕಲ್ ಅಂಗಡಿಯವನನ್ನೂ ಪಕ್ಕದ ಮನೆಯ ಶಿಕ್ಷಕಿಯನ್ನೂ ಸಾಕ್ಷಿಗೆ ಪಂಚರನ್ನಾಗಿ ಕರೆದುಕೊಂಡು ಒಳಗೆ ಹೋದರು.

ಮುದುಕರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಬಾಗಿಲ ಕಡೆ ಕಣ್ಣು ಕಿರಿದಾಗಿಸಿ, "ಯಾರು? ಸೈಕಲ್ಲಿನವನಾ?" ಎಂದರು.

"ನಾನೂ ಇದೀನಿ ತಾತ. ಪೊಲೀಸ್‌ನೋರೂ ಬಂದಿದಾರೆ," ಎಂದ ಸೈಕಲ್ ಅಂಗಡಿಯವನು.

"ಓ." ಮುದುಕರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. "ಕೂತ್ಕೊಳ್ಳಿ. ಎರಡೇ ಕುರ್ಚಿ ಇರೋದು."

"ಸೊಸೆಯ ಪಾಸ್‌ಪೋರ್ಟಿಗೆ ಮುದ್ರೆ ಹಾಕಿದ್ದು ನೀವಾ?"

"ಹೌದು."

"ನೀವೇನಾ?"

"ಬೇರೆ ಯಾರಿಗೆ ಬರುತ್ತೆ?" ಎಂದರು ಮುದುಕರು. ಅದು ಸೊಕ್ಕಿನ ಮಾತಾಗಿರಲಿಲ್ಲ, ಬರೀ ಮಾಹಿತಿ. "ಆ ಸೀಳು ನೋಡಿದ್ರಾ? ಅದಕ್ಕೇ ಎರಡು ದಿನ ಹಿಡೀತು."

"ಆ ಸೀಳು ಜುಲೈಲಿ ಆಗಿದ್ದು. ನೀವು ಮೇ ತಿಂಗಳ ಮುದ್ರೆಗೆ ಹಾಕಿದ್ರಿ."

ನಲವತ್ತು ವರ್ಷದಲ್ಲಿ ಮೊದಲ ಸಲ ಅಚ್ಚಿನಲ್ಲಿ ತಪ್ಪು ಕಂಡಂತೆ ಮುದುಕರ ಮುಖ ಬಾಡಿತು. "ನನ್ನ ಪಾಸ್‌ಪೋರ್ಟಲ್ಲೂ ಹಂಗೇ ಇತ್ತು. ಅದು ಮುದ್ರೆಯ ಗುಣ ಅಂದ್ಕೊಂಡೆ. ಗಾಯ ಅಂತ ಗೊತ್ತಾಗಲಿಲ್ಲ."

"ತಲೆಚುಕ್ಕೆ ಯಾಕೆ ಬಿಟ್ರಿ?"

"ಕೆರೆದು ತೆಗೀಬೇಕು ಅಂತ ಮೂರು ಸಲ ಉಳಿ ಎತ್ತಿದೆ. ಕೈ ಬರ್ಲಿಲ್ಲ. ಚುಕ್ಕೆ ಇಲ್ಲದ ಅಚ್ಚು ನಾನು ಯಾರಿಗೂ ಕೊಟ್ಟಿಲ್ಲ."

ಪಂಚನಾಮೆ ಮುಂದಿನ ಒಂದೂವರೆ ಗಂಟೆ ಬರೆದರು. ಹಾಸಿಗೆಯ ಕೆಳಗೆ ಸಿಕ್ಕಿದ ಸಣ್ಣ ಉಳಿ, ಎರಡು. ಹಿಡಿಗೆ ಬಟ್ಟೆ ಸುತ್ತಿದ ಸೂಜಿಮೊನೆ, ಒಂದು. ನೇರಳೆ ಶಾಯಿಯ ಸೀಸೆ, ಕಾಲುಭಾಗ ತುಂಬಿದ್ದು. ಕಪ್ಪು ರಬ್ಬರಿನ ಅಚ್ಚು, ಒಂದು ದುಂಡು, ಒಂದು ಚೌಕ. ಕಪ್ಪು ಬಣ್ಣದ ಚಪ್ಪಲಿ, ಎಡಗಾಲಿನದು, ಹಿಮ್ಮಡಿಯಲ್ಲಿ ಎರಡು ಕಡೆ ತುಂಡು ಕತ್ತರಿಸಿದ್ದು.

"ಎಡಗಾಲಿಂದು ಯಾಕೆ ಕತ್ತರಿಸಿದ್ರಿ?" ಎಂದರು, ಬರೆಯುವುದನ್ನು ನಿಲ್ಲಿಸಿ.

"ಸೊಂಟ ಮುರಿದ ಮೇಲೆ ಆ ಕಾಲು ಸರಿಯಾಗಿ ನೆಲ ಮುಟ್ಟಲ್ಲ. ಚಪ್ಪಲಿ ದಂಡ."

ಮುದುಕರ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಸಿಕ್ಕಿತು. ಮೇಷ್ಟ್ರ ಸಾಮಾನ್ಯ ಪ್ರಶ್ನೆಗಳು. ಏಳನೇ ಪ್ರಶ್ನೆ ಹಾಳೆಯ ತೀರಾ ಕೆಳಗಿತ್ತು, ಮಡಿಸಿ ಮಡಿಸಿ ಆ ಜಾಗ ತೂತು ಬೀಳುವಂತಾಗಿತ್ತು.

ಮೂರು ಗಂಟೆ ಇಪ್ಪತ್ತಕ್ಕೆ ಬಂಧನ. ಸೈಕಲ್ ಅಂಗಡಿಯವನು ಮುದುಕರನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿದ. ಬಲಗಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಕೆಳಗೆ ಗೋಡೆಗೆ ಒರಗಿ ಸೊಸೆ ನಿಂತಿದ್ದಳು. ಆಸ್ಪತ್ರೆಯ ಏಪ್ರನ್ ಬಿಚ್ಚಿರಲಿಲ್ಲ.

"ದೂರು ಕೊಟ್ಟಿದ್ದು ನಾನು ಮಾವ," ಎಂದಳು.

ಮುದುಕರು ದನಿ ಬಂದ ಕಡೆ ತಿರುಗಿದರು. "ಒಳ್ಳೇದು ಮಾಡಿದೆ. ನಿನ್ನ ಹೆಸರು ಕೆಡಬಾರದಲ್ಲ." ಆಮೇಲೆ, "ಮಧ್ಯಾಹ್ನದ ಮಾತ್ರೆ ತಗೊಂಡಿದೀನಿ, ಮತ್ತೆ ಅದನ್ನ ಕೇಳಬೇಡ," ಎಂದರು.

*

ಠಾಣೆಯಲ್ಲಿ ನಾಲ್ಕೂವರೆಗೆ ಹೇಳಿಕೆ.

"ಯಾವತ್ತು ಮಾಡಿದ್ರಿ?"

"ಜನವರಿ ಕೊನೇ ವಾರ. ಅವಳು ಡ್ಯೂಟಿಗೆ ಹೋದಾಗ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿದ್ರೆ ನನ್ನ ಉಳಿ ಕಿತ್ತು ಕಿಟಕಿಯಿಂದ ಎಸೀತಿದ್ಲು."

"ಕಂಪ್ಯೂಟರಲ್ಲಿ ಎಲ್ಲಾ ದಾಖಲೆ ಇರುತ್ತೆ ಅಂತ ಗೊತ್ತಿರಲಿಲ್ವಾ?"

"ನಮ್ಮ ಕಾಲದಲ್ಲಿ ಮುದ್ರೆ ಬಿದ್ರೆ ಮುಗೀತು. ಅಚ್ಚಾಗಿದ್ದೇ ನಿಜ."

"ಯಾಕೆ ಮಾಡಿದ್ರಿ?"

ಮುದುಕರು ತಮ್ಮ ಬೆರಳುಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಜೂನಲ್ಲೇ ಹೊರಡಮ್ಮ ಅಂದೆ. ನೀವು ಒಂದು ಹೆಜ್ಜೆ ಇಡಿ ಮಾವ, ಹೊರಡ್ತೀನಿ ಅಂದ್ಲು. ಜುಲೈ ಬಂತು. ಹೆಜ್ಜೆ ಇಡೋಕಾಗಲಿಲ್ಲ. ನನಗೆ ಹೆದರಿಕೆ. ಬಿದ್ದುಬಿಡ್ತೀನಿ ಅಂತಲ್ಲ. ಎದ್ದು ನಿಂತ್ರೆ ಅವಳು ಹೊರಟುಬಿಡ್ತಾಳೆ ಅಂತ. ಡಾಕ್ಟ್ರು ಆಗಸ್ಟ್ ಮೊದಲ ವಾರವೇ ನಡೀಬಹುದು ಅಂದಿದ್ರು. ನಾನು ನೋವು ನೋವು ಅಂತ ಮಲಗೇ ಇದ್ದೆ. ಕೊನೆಗೆ ಬಿಟ್ಟುಹೋಗೋದು ಬೇಡ ಅಂತ ನಂಗೂ ಕಾಗದ ಮಾಡಿಸಿ ಕರ್ಕೊಂಡು ಬಂದ್ಲು. ಇಲ್ಲಿಗೆ ಬಂದ ಮೇಲೆ ಆ ಹಾಳೆ ಓದಿದೆ. ನಲವತ್ತಮೂರು ದಿನ ಜಾಸ್ತಿ. ಆ ನಲವತ್ತಮೂರು ದಿನ ನಾನು ಕದ್ದಿದ್ದು ತಾಯಿ. ಅದನ್ನ ವಾಪಸ್ ಇಡೋಕೆ ನಂಗೆ ಗೊತ್ತಿದ್ದ ಕೆಲಸ ಇದೊಂದೇ."

ಪಂಚನಾಮೆ ಬರೆದರು. 'ಕದ್ದಿದ್ದು' ಎಂಬ ಪದದ ಹತ್ತಿರ ಪೆನ್ನು ನಿಲ್ಲಿಸಿ ಮೇಡಂ ಮುಖ ನೋಡಿದರು. ಅವರು, "ಹೇಳಿದ ಹಾಗೇ ಬರೀರಿ," ಎಂದರು.

*

ಗುರುವಾರ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ತಾವೇ ವಲಸೆ ಕಚೇರಿಗೆ ಹೋದರು. ಮೊಹರಿನ ಲಕೋಟೆ, ಎಫ್‌ಐಆರ್ ಪ್ರತಿ, ಮನೆಯ ಜಪ್ತಿ ಪಟ್ಟಿಯ ಪ್ರತಿ, ಹೇಳಿಕೆ. ಅಧಿಕಾರಿ ಎಲ್ಲವನ್ನೂ ಓದಿ, ಸಂದರ್ಶನಕ್ಕೆ ಬಂದು ಕೂತಿದ್ದ ಹೆಂಗಸಿನ ಕಡೆ ತಿರುಗಿದರು.

"ಮುದ್ರೆಯ ವಿಷಯ ಮುಗೀತು, ಅದು ನಿಮ್ಮ ಕೈಯಲ್ಲ. ಆದ್ರೆ ಇನ್ನೂರ ಇಪ್ಪತ್ತಮೂರು ದಿನ ಹೊರಗಿದ್ರಿ. ಅದಕ್ಕೆ ಆಸ್ಪತ್ರೆ ಕಾಗದ ಇದೆಯಾ?"

"ಆಸ್ಪತ್ರೆ ಕಾಗದ ಯಾಕೆ ಸಾರ್?"

ಅಧಿಕಾರಿ ಗೋಡೆಯ ಮೇಲಿನ ಹಾಳೆ ತೋರಿಸಿದರು. ಅದೇ ಸಾಮಾನ್ಯ ಪ್ರಶ್ನೆಗಳು, ಕಚೇರಿಯ ಉದ್ದನೆಯ ಹಾಳೆಯಲ್ಲಿ. ಇನ್ಸ್‌ಪೆಕ್ಟರ್ ಮಡಿಸಿಟ್ಟಿದ್ದ ಮೇಷ್ಟ್ರ ಪ್ರತಿ ತೆಗೆದು ಪಕ್ಕಕ್ಕೆ ಹಿಡಿದರು. ಮೇಷ್ಟ್ರ 'ನಿಯತ್ತಿನ' ಯಂತ್ರ ಉದ್ದ ಹಾಳೆ ಹಿಡಿಯುವುದಿಲ್ಲ. ಏಳನೇ ಉತ್ತರದ ಮೊದಲ ಸಾಲಿಗೇ ಅದರ ಕಾಗದ ಮುಗಿದಿತ್ತು. ಗೋಡೆಯ ಹಾಳೆಯಲ್ಲಿ ಅದರ ಕೆಳಗೆ ಇನ್ನೊಂದು ಸಾಲಿತ್ತು: 'ಕುಟುಂಬದವರ ಆರೈಕೆಗಾಗಿ ಹೊರಗಿದ್ದು, ಆಸ್ಪತ್ರೆಯ ಪತ್ರ ಹಾಜರುಪಡಿಸಿದರೆ, ಒಂದು ವರ್ಷದವರೆಗೆ ವಿನಾಯಿತಿ ಉಂಟು.'

ಹೆಂಗಸು ಅದನ್ನು ಓದಿದಳು. "ಆ ಪತ್ರ ಅದೇ ತಗಡಿನ ಪೆಟ್ಟಿಗೇಲಿದೆ," ಎಂದಳು ಮೆಲ್ಲಗೆ. "ಪಾಸ್‌ಪೋರ್ಟಿನ ಕೆಳಗೆ."

ಮಧ್ಯಾಹ್ನ ಪತ್ರ ಹಾಜರಾಯಿತು. 'ಮಂಜೂರಾತಿಗೆ ಶಿಫಾರಸು' ಎಂಬ ಕಾಗದ ಕೈಗೆ ಬಂತು. ಮಾವನ ವಿಷಯ ಕೇಳಿದಾಗ ಅಧಿಕಾರಿ ಕಡತಗಳ ಹಿಂದಿನಿಂದ ಕತ್ತು ಚಾಚಲಿಲ್ಲ. "ಪ್ರಕರಣ ಮುಗಿದ ಮೇಲೆ ಅವರ ವೀಸಾ ರದ್ದಾಗುತ್ತೆ. ವಯಸ್ಸು ನೋಡಿ ಶಿಕ್ಷೆ ಕಡಿಮೆ ಆಗಬಹುದು. ಹಿಂದಕ್ಕೆ ಕಳಿಸೋದಂತೂ ತಪ್ಪೋದಿಲ್ಲ."

ಐದು ಗಂಟೆಗೆ ಆಕೆ ಠಾಣೆಗೆ ಬಂದಳು, ಒಂದು ಜೊತೆ ಹೊಸ ಚಪ್ಪಲಿ ಹಿಡಿದು. ಪಂಚನಾಮೆ ಪಟ್ಟಿಗಿಟ್ಟಿ ಮಾಡದೆ ಒಳಗೆ ಬಿಟ್ಟರು. ಮುದುಕರು ಕಂಬಿಯ ಹತ್ತಿರಕ್ಕೆ ಶಿಫಾರಸಿನ ಕಾಗದ ತರಿಸಿಕೊಂಡು, ಮೂಗಿಗೆ ತಾಗುವಷ್ಟು ಸಮೀಪ ಹಿಡಿದು, ಕೆಳಗಿನ ಮುದ್ರೆಯನ್ನು ನೋಡಿದರು.

"ಓರೆಯಾಗಿ ಹಾಕಿದ್ದಾರೆ," ಎಂದರು. "ನಾನು ಹಿಂಗೆ ಒತ್ತಿದ್ರೆ ನಮ್ಮ ಮುದ್ರಣಾಲಯದ ಯಜಮಾನ ಇಡೀ ದಿನ ಹೊರಗೆ ನಿಲ್ಲಿಸ್ತಿದ್ದ."

"ಇದು ಸರಕಾರದ್ದು ಮಾವ. ಓರೆ ಇದ್ರೂ ನಡೆಯುತ್ತೆ." ಆಕೆ ಬಗ್ಗಿ, ಕಂಬಿಯ ಸಂದಿಯಲ್ಲಿ ಕೈ ತೂರಿಸಿ, ಎಡಗಾಲಿಗೆ ಮೊದಲು ಚಪ್ಪಲಿ ತೊಡಿಸಿದಳು. "ನೆಲಕ್ಕೆ ಇಡಿ. ಪೂರ್ತಿ ಇಡಿ. ನಾನೆಲ್ಲೂ ಹೋಗಲ್ಲ."

ಮುದುಕರು ಇಟ್ಟರು. ಕಾಲು ನೆಲ ಮುಟ್ಟಿತು.

ಹೊರಗೆ ಬಂದ ಮೇಲೆ ಆಕೆ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತಳು. "ಮೇಡಂ, ಒಂದು ಪ್ರಶ್ನೆ. ಕಾಯಂ ವಾಸ ಸಿಕ್ಕವರು ಈ ದೇಶದಿಂದ ಹೊರಗೆ ಎಷ್ಟು ದಿನ ಇರಬಹುದು?"

ಇನ್ಸ್‌ಪೆಕ್ಟರ್ ಕಚೇರಿಯಿಂದ ಉದ್ದನೆಯ ಹಾಳೆಯನ್ನೇ ಕೇಳಿ ತಂದಿದ್ದರು. ಅದನ್ನು ಮೇಜಿನ ಮೇಲೆ ಬಿಡಿಸಿ, ಒಂಬತ್ತನೇ ಪ್ರಶ್ನೆ ಹುಡುಕಿ, ಉತ್ತರದ ಮೊದಲ ಸಾಲು ಓದಿದರು.

"ವರ್ಷದಲ್ಲಿ ಆರು ತಿಂಗಳು ಅಂತಿದೆ."

"ಕೆಳಗೆ ಇನ್ನೊಂದು ಸಾಲು ಇದೆಯಾ ನೋಡಿ ಮೇಡಂ," ಎಂದಳು ಆಕೆ.